ನಾರ್ನಿಯಾದ ಬಾಗಿಲಾಚೆ ಉಳಿದವಳು

ಆಕ್ಸ್‌ಫರ್ಡಿನಲ್ಲಿ ಬಹುಕಾಲ ಅಧ್ಯಾಪಕರಾಗಿದ್ದ ಸಿ. ಎಸ್. ಲೂಯಿಸರ ನಾರ್ನಿಯಾ ಕಥೆಗಳು 1950ರಿಂದ 1956ರವರೆಗೆ ಏಳು ಸಂಪುಟಗಳಲ್ಲಿ ಹೊರಬಂದವು. ಅವನ್ನು ಅಕ್ಕರೆಯಿಂದ ಓದುತ್ತ ಬಂದ ಎಳೆಯರು ಎಷ್ಟೋ ಮಂದಿ ಕಡೆಯ ಸಂಪುಟದಲ್ಲಿ ಮನನೊಂದು ನಿಲ್ಲುತ್ತಾರೆ.

ಬಟ್ಟೆಯ ಬೀರುವಿನ ಮೂಲಕ ಆ ಮಾಯಾಲೋಕವನ್ನು ಹೊಕ್ಕ ನಾಲ್ವರು ಒಡಹುಟ್ಟಿದವರಲ್ಲಿ ಸೂಸಾನ್ ಹಿರಿಯ ಹುಡುಗಿ. ಬಿಲ್ಲುಬಾಣಗಳನ್ನು ಕಾಣಿಕೆಯಾಗಿ ಪಡೆದವಳು, ಸಿಂಹರೂಪಿ ಅಸ್ಲಾನನು ಬಲಿಯಾದ ಇರುಳು ತಂಗಿಯೊಡನೆ ಅವನ ಶವದ ಬಳಿ ಕಣ್ಣೀರಿಟ್ಟವಳು, ಸಿಂಹಾಸನವೇರಿ ರಾಣಿಯೆನಿಸಿದವಳು. ಅಂಥವಳು ಏಳನೆಯ ಸಂಪುಟದ ಪುನರ್ಮಿಲನದಲ್ಲಿ ಕಾಣಿಸುವುದೇ ಇಲ್ಲ! ಆಕೆ ಈಗ ನಾರ್ನಿಯಾದ ಗೆಳತಿಯಲ್ಲವೆಂದು ಅಣ್ಣನೇ ಹೇಳಿಬಿಡುತ್ತಾನೆ. ನೈಲಾನ್ ಕಾಲುಚೀಲ, ತುಟಿಬಣ್ಣ, ಔತಣದ ಕರೆಯೋಲೆಗಳ ಹೊರತು ಅವಳಿಗೆ ಬೇರೇನೂ ಬೇಡವೆಂದು ಜಿಲ್ ಎಂಬವಳ ದೂರು. ಯುದ್ಧ ಮುಗಿದ ಇಂಗ್ಲೆಂಡಿನಲ್ಲಿ ನೈಲಾನ್ ದುರ್ಲಭ ವಸ್ತು. ಹರೆಯದವಳು ಆಸೆಪಟ್ಟರೆ ಅಚ್ಚರಿಯೇನು?

ಇತ್ತ ರೈಲು ಅಪಘಾತದಲ್ಲಿ ತಂದೆತಾಯಿ, ಅಣ್ಣ, ತಮ್ಮ, ತಂಗಿ ಎಲ್ಲರೂ ಮಡಿದು ನಿತ್ಯಲೋಕವನ್ನು ಸೇರುತ್ತಾರೆ. ಒಂಟಿಯಾಗಿ ಉಳಿದ ಸೂಸಾನಳ ದುಃಖಕ್ಕೆ ಒಂದು ಪುಟವೂ ದೊರೆಯುವುದಿಲ್ಲ. ಆಕೆ ನಾರ್ನಿಯಾವನ್ನು ಮರೆತದ್ದು ತಪ್ಪೇ ಇರಬಹುದು. ಆದರೆ ಅವಳ ಬಾಯಿಂದ ಒಂದು ಮಾತನ್ನೂ ಕೇಳದೆ ನೀಡಿದ ತೀರ್ಪು ಎಳೆಯ ಮನಸ್ಸಿಗೆ ಹೇಗೆ ಒಗ್ಗೀತು?

ಸೂಸಾನ್ ಇನ್ನೂ ಬದುಕಿದ್ದಾಳೆ, ತಿದ್ದಿಕೊಳ್ಳಲು ಕಾಲವಿದೆ ಎಂದು ಲೂಯಿಸರು 1957ರಲ್ಲಿ ಒಬ್ಬ ಬಾಲಕನಿಗೆ ಪತ್ರ ಬರೆದು ಸಮಾಧಾನ ಹೇಳಿದರು. ಅವಳ ಕಥೆಯನ್ನು ಮಾತ್ರ ಬರೆಯದೆಯೇ 1963ರಲ್ಲಿ ತೀರಿಕೊಂಡರು.