ಬೆರಳುದ್ದದ ಮೆಟಡೋರ್

ಪುಟಾಣಿ ರೈಲು ದುಡ್ಡು ಕೊಟ್ಟರೆ ಸಿಗುತ್ತದೆ. ನಿಲ್ದಾಣದ ಹೊರಗೆ ಪ್ರಯಾಣಿಕರಿಗಾಗಿ ಕಾದು ನಿಲ್ಲುವ ನಮ್ಮೂರ ವ್ಯಾನು ಮಾತ್ರ ಸಿಗುವುದಿಲ್ಲ!

ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಮುನಿರಾಬಾದ್–ಮಹಬೂಬ್‌ನಗರ ಮಾರ್ಗಕ್ಕೆ ಮಂಜೂರಾತಿ ದೊರೆತದ್ದು 1997–98ರಲ್ಲಿ. ಹಳಿಗಳು ಗಿಣಿಗೇರಾದಿಂದ ಹೊರಟು ಗಂಗಾವತಿ, ಕಾರಟಗಿ ದಾಟಿ ಇಲ್ಲಿಗೆ ಮುಟ್ಟುವಷ್ಟರಲ್ಲಿ ಕಾಲು ಶತಮಾನ ಕಳೆದಿತ್ತು. ಊರ ಸುತ್ತಲಿನ ಆರ್.ಎಚ್. ಕ್ಯಾಂಪ್‌ಗಳ ಜನ ಕಾದದ್ದು ಇನ್ನೂ ಹೆಚ್ಚು. ಆರ್.ಎಚ್. ಎಂದರೆ ರಿಹ್ಯಾಬಿಲಿಟೇಶನ್, ಪುನರ್ವಸತಿ. ಪೂರ್ವ ಬಂಗಾಳ ತೊರೆದು ಬಂದ ಕುಟುಂಬಗಳಿಗೆ ಇಲ್ಲಿ ನೆಲೆ ಕೊಟ್ಟಾಗ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿತ್ತು, ಉಳಲು ಭೂಮಿಯಿತ್ತು, ರೈಲು ಮಾತ್ರ ಇರಲಿಲ್ಲ. ಭತ್ತದ ಚೀಲ, ಆಸ್ಪತ್ರೆಗೆ ಹೊರಟ ರೋಗಿ, ದುರ್ಗಾಪೂಜೆಗೆ ಬರುವ ನೆಂಟರು ಎಲ್ಲಕ್ಕೂ ರಸ್ತೆಯೇ ಗತಿ. ಲಾರಿ, ಜೀಪು, ಟ್ರ್ಯಾಕ್ಸ್, ಕ್ರೂಸರ್, ಟಂಟಂ, ಮತ್ತು ಮೆಟಡೋರ್.

ಇಂಥ ಊರಿನ ರೈಲು ನಿಲ್ದಾಣವನ್ನು ಯಾರಾದರೂ ಒಂದು ಮೇಜಿನ ಮೇಲೆ ಪುಟ್ಟದಾಗಿ ಕಟ್ಟಲು ಹೊರಟರೆ ಅವರ ಮುಂದೆ ಬರುವ ಮೊದಲ ಸಮಸ್ಯೆ ರೈಲಿನದಲ್ಲ, ರಸ್ತೆಯದು. ರೈಲು ಬಂದು ಇನ್ನೂ ನಾಲ್ಕು ದಿನ. ಊರನ್ನು ಇಷ್ಟು ವರ್ಷ ಹೊತ್ತು ತಿರುಗಿದ್ದು ವ್ಯಾನುಗಳು. ಅವು ನಿಲ್ದಾಣದ ಮುಂದೆ ನಿಂತಿರದಿದ್ದರೆ ಅದು ಸಿಂಧನೂರು ಹೇಗಾದೀತು? ಯಾವುದೋ ಜರ್ಮನ್ ಹಳ್ಳಿಯ ಚಿತ್ರವಾಗುತ್ತದೆ ಅಷ್ಟೆ.

ಮಾದರಿ ರೈಲಿನ ಹವ್ಯಾಸಿಗಳು ತಮ್ಮ ಈ ಪುಟ್ಟ ಲೋಕಕ್ಕೆ ‘ಲೇಔಟ್’ ಎನ್ನುತ್ತಾರೆ. (ನಮ್ಮಲ್ಲಿ ಲೇಔಟ್ ಎಂದರೆ ಸೈಟು ಮಾರುವವರು ನೆನಪಾಗುತ್ತಾರೆ. ಇಲ್ಲಿಯೂ ಜಾಗದ ಕೊರತೆಯೇ ದೊಡ್ಡ ತಲೆನೋವು ಎಂಬುದು ಬೇರೆ ಮಾತು.) ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ‘ಎಚ್‌ಒ’ ಎಂಬ ಅಳತೆ. ನಿಜವಾದ ವಸ್ತುವಿನ 87ನೆಯ ಒಂದು ಪಾಲು. 21 ಮೀಟರಿಗೂ ಉದ್ದದ ನಮ್ಮ ಹಳೆಯ ನೀಲಿ ಬೋಗಿ ಈ ಅಳತೆಯಲ್ಲಿ 24 ಸೆಂಟಿಮೀಟರಿನಷ್ಟಾಗುತ್ತದೆ. ಹತ್ತು ಬೋಗಿ ಜೋಡಿಸಿದರೆ ಎರಡೂವರೆ ಮೀಟರ್, ಅಂದರೆ ಒಂದು ಕೋಣೆಯ ಗೋಡೆಯುದ್ದ! ಆದ್ದರಿಂದ ಮೂರು ನಾಲ್ಕು ಬೋಗಿಗೇ ತೃಪ್ತಿಪಡುವವರು ಹೆಚ್ಚು. ಬ್ರಿಟಿಷರದು ‘ಒಒ’ ಅಳತೆ, 76ನೆಯ ಒಂದು ಪಾಲು. ವಿಚಿತ್ರವೆಂದರೆ ಇವೆರಡೂ ಓಡುವುದು 16.5 ಮಿ.ಮೀ. ಅಗಲದ ಒಂದೇ ಹಳಿಯ ಮೇಲೆ. ನಮ್ಮ ಬ್ರಾಡ್‌ಗೇಜನ್ನು 87ರಿಂದ ಭಾಗಿಸಿದರೆ 19 ಮಿ.ಮೀ.ಗೂ ಹೆಚ್ಚು ಬರುತ್ತದೆ. ಆದ್ದರಿಂದ ಅಂಗಡಿಯ ಹಳಿಯ ಮೇಲೆ ಭಾರತದ ರೈಲು ಓಡಿಸುವವರು ಸುಮಾರು 3 ಮಿ.ಮೀ. ಸುಳ್ಳು ಹೇಳಲೇಬೇಕು. ಬಹುತೇಕರು ಹೇಳುತ್ತಾರೆ, ಯಾರೂ ಗಮನಿಸುವುದಿಲ್ಲ. ವ್ಯಾನಿನ ವಿಷಯದಲ್ಲಿ ಹಾಗಲ್ಲ. ದಿನಾ ಹತ್ತಿ ಇಳಿದ ಗಾಡಿಯ ಮೂತಿ ಸ್ವಲ್ಪ ಬದಲಾದರೂ ಮಗು ಕೂಡ ‘ಇದು ನಮ್ಮದಲ್ಲ’ ಎಂದುಬಿಡುತ್ತದೆ.

ಪುಟಾಣಿ ಮೋಟಾರುಗಳು ಹುಟ್ಟಿದ್ದೇ ಪುಟಾಣಿ ರೈಲಿನ ಸೇವೆಗೆ ಎಂಬುದು ಹೆಚ್ಚಿನವರಿಗೆ ತಿಳಿಯದು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ‘ಮೆಕ್ಯಾನೊ’ ಆಟಿಕೆಯಿಂದ ಹೆಸರಾದ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ಆಟದ ರೈಲುಗಳನ್ನು ತಂದ. ರೈಲು ಕೊಂಡ ಮಕ್ಕಳಿಗೆ ನಿಲ್ದಾಣ ಬೇಕಾಯಿತು, ನಿಲ್ದಾಣದ ಮುಂದೆ ಗಾಡಿಗಳು ಬೇಕಾದವು. 1933ರ ಕೊನೆಯಲ್ಲಿ ಬಂದ ಆರು ವಾಹನಗಳ ಪೆಟ್ಟಿಗೆಯಲ್ಲಿ ಎರಡು ಕಾರು, ಒಂದು ಲಾರಿ, ಒಂದು ಟ್ರ್ಯಾಕ್ಟರ್, ಒಂದು ಯುದ್ಧ ಟ್ಯಾಂಕ್ ಜೊತೆಗೆ ಸಾಮಾನು ಸಾಗಿಸುವ ಒಂದು ವ್ಯಾನೂ ಇತ್ತು. ಮರುವರ್ಷವೇ ಇವಕ್ಕೆ ‘ಡಿಂಕಿ ಟಾಯ್ಸ್’ ಎಂಬ ಹೆಸರು ಬಂತು. ರೈಲಿನ ಬಾಲ ಹಿಡಿದು ಬಂದ ಗಾಡಿಗಳು ರೈಲಿಗಿಂತ ಹೆಚ್ಚು ಮನೆಗಳನ್ನು ಹೊಕ್ಕವು. ಡಿಂಕಿಯ ಹಳೆಯ ಅಚ್ಚುಗಳು ಭಾರತಕ್ಕೂ ಬಂದು, ಕಲ್ಕತ್ತದಲ್ಲಿ ‘ನಿಕಿ ಟಾಯ್ಸ್’ ಎಂಬ ಹೆಸರಿನಲ್ಲಿ ಗಾಡಿಗಳು ತಯಾರಾದವು. ಆದರೆ ಅವು ಹೆಚ್ಚುಕಡಿಮೆ 43ನೆಯ ಒಂದು ಪಾಲಿನವು. ಎಚ್‌ಒ ರೈಲಿನ ಪಕ್ಕದಲ್ಲಿಟ್ಟರೆ ಆನೆಯ ಮುಂದೆ ಆಡು ನಿಂತಂತೆ. ಪಾಪ, ಇಲ್ಲಿ ಆಡಾಗುವುದು ರೈಲು!

ಜಾತ್ರೆಯಲ್ಲೂ ಫ್ಯಾನ್ಸಿ ಸ್ಟೋರಿನಲ್ಲೂ ಸಿಗುವ ಗಾಡಿಗಳದು ಇದೇ ಹಣೆಬರಹ. ಬೆಂಕಿಪೊಟ್ಟಣದಂಥ ಡಬ್ಬಿಗೆ ಹಿಡಿಸಬೇಕೆಂದು ಬಸ್ಸನ್ನೂ ಕಾರನ್ನೂ ಒಂದೇ ಉದ್ದಕ್ಕೆ ಇಳಿಸಿರುತ್ತಾರೆ. ಹಿಂದಕ್ಕೆ ಎಳೆದು ಬಿಟ್ಟರೆ ಓಡುವ ಅಂಬಾಸಿಡರ್, ಆಟೊರಿಕ್ಷಾ ಸಿಗುತ್ತವೆ, ಚೆನ್ನಾಗಿಯೂ ಇರುತ್ತವೆ. ಆದರೆ ಅವು ಬೆರಳುದ್ದದವಲ್ಲ, ಅಂಗೈಯುದ್ದದವು.

ಹಾಗಾದರೆ ದಾರಿ ಏನು? ಮೊದಲ ದಾರಿ, ನಮ್ಮ ಗಾಡಿಗಳ ವಂಶಾವಳಿ ಬಿಡಿಸುವುದು. ಸ್ವಾತಂತ್ರ್ಯದ ನಂತರದ ಮೂರು ನಾಲ್ಕು ದಶಕ ನಮ್ಮ ರಸ್ತೆಗಿಳಿದ ಗಾಡಿಗಳಲ್ಲಿ ಬಹುಪಾಲಿಗೆ ತೌರುಮನೆ ವಿದೇಶದಲ್ಲಿದೆ. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ಮಗಳು. ಟಾಟಾ ಲಾರಿಗೂ ಜರ್ಮನಿಯ ಮರ್ಸಿಡಿಸ್‌ಗೂ 1954ರಿಂದ 1969ರವರೆಗೆ ನಂಟಿತ್ತು, ಆ ಕಾಲದ ಲಾರಿಯ ದುಂಡು ಮೂಗು ಅಲ್ಲಿಂದ ಬಂದದ್ದು. ಮಹೀಂದ್ರಾ ಜೀಪಿನ ಅಜ್ಜ ಅಮೆರಿಕದ ವಿಲ್ಲೀಸ್. ಮೂಲ ಗಾಡಿಗಳ 87ನೆಯ ಪಾಲಿನ ಮಾದರಿಗಳನ್ನು ಜರ್ಮನಿಯ ವೀಕಿಂಗ್, ಬ್ರೆಕಿನಾ ಮುಂತಾದ ಕಂಪನಿಗಳು ಮಾಡುತ್ತ ಬಂದಿವೆ. ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ ಎಂಬುದನ್ನು ಬಿಟ್ಟರೆ ಇದು ಸುಲಭದ ದಾರಿ.

ವಂಶಾವಳಿಗಳಲ್ಲಿ ಎಲ್ಲಕ್ಕಿಂತ ಸ್ವಾರಸ್ಯಕರವಾದದ್ದು ಮೆಟಡೋರಿನದು. ಜರ್ಮನಿಯ ಹ್ಯಾಂಬರ್ಗಿನಲ್ಲಿ ವಿಡಾಲ್ ಅಂಡ್ ಸನ್ ಎಂಬ ಕಂಪನಿ ‘ಟೆಂಪೊ’ ಹೆಸರಿನ ಮೂರು ಚಕ್ರದ ಗಾಡಿಗಳನ್ನು ಮಾಡುತ್ತಿತ್ತು. ಅದರದೇ ನಾಲ್ಕು ಚಕ್ರದ ಗಾಡಿಯ ಹೆಸರು ‘ಮೆಟಡೋರ್’, ಸ್ಪೇನಿನ ಅಖಾಡದಲ್ಲಿ ಗೂಳಿಯನ್ನು ಎದುರಿಸುವವನು. ಪುಣೆಯ ಬಜಾಜ್ ಟೆಂಪೊ ಈ ಕಂಪನಿಯ ಪರವಾನಗಿ ಪಡೆದು ಮೊದಲು ಮೂರು ಚಕ್ರದ ಗಾಡಿಯನ್ನೂ, 1969ರಿಂದ ಮೆಟಡೋರನ್ನೂ ಮಾಡಿತು. ಅತ್ತ ಜರ್ಮನಿಯಲ್ಲಿ ಅದೇ ವ್ಯಾನು ಹಾನೊಮಾಗ್ ಕಂಪನಿಯ ಕೈಗೆ ಹೋಗಿ, ಕೊನೆಗೆ ಮೂತಿಗೆ ಮರ್ಸಿಡಿಸ್ ನಕ್ಷತ್ರ ಅಂಟಿಸಿಕೊಂಡು ‘ಎಲ್ 206’ ಎಂದು ಓಡಿತು. ಹ್ಯಾಂಬರ್ಗಿನವರು ಎರಡೂ ಹೆಸರನ್ನು ಮರೆತರೂ ನಾವು ಮರೆತಿಲ್ಲ. ಯಾವ ಕಂಪನಿಯ ಗಾಡಿಯಾದರೂ ಸರಿ, ಸಾಮಾನು ಹೇರಿದರೆ ‘ಟೆಂಪೊ’, ಮದುವೆಗೆ ಜನ ತುಂಬಿದರೆ ‘ಮೆಟಡೋರ್’! ಒಂದೇ ಕಾರ್ಖಾನೆಯ ಎರಡು ಹೆಸರುಗಳು ಕನ್ನಡದ ಸಾಮಾನ್ಯ ನಾಮಪದಗಳಾಗಿ ಉಳಿದಿವೆ. ಬಜಾಜ್ ಟೆಂಪೊ 2005ರಲ್ಲಿ ಫೋರ್ಸ್ ಮೋಟಾರ್ಸ್ ಆಯಿತು. ಸಿಂಧನೂರು ಭಾಗದಲ್ಲಿ ಕಾಣುವ ಟ್ರ್ಯಾಕ್ಸ್, ಕ್ರೂಸರ್‌ಗಳೂ ಅದೇ ಮನೆಯವು.

ಆದರೆ ಜರ್ಮನಿಯಿಂದ ತರಿಸಿದ ಮಾದರಿಯನ್ನು ಹಾಗೆಯೇ ನಿಲ್ಲಿಸುವಂತಿಲ್ಲ. ಅಲ್ಲಿ ಸ್ಟಿಯರಿಂಗ್ ಎಡಕ್ಕೆ, ನಮ್ಮಲ್ಲಿ ಬಲಕ್ಕೆ. ಪಕ್ಕದ ಬಾಗಿಲು ರಸ್ತೆಯಂಚಿನ ಕಡೆಗಿರಬೇಕು, ಜರ್ಮನಿಯ ರಸ್ತೆಯಂಚು ಬಲಕ್ಕಿದೆ. ಸ್ಟಿಯರಿಂಗನ್ನು ಸೂಜಿಯ ತುದಿಯಿಂದ ಕಿತ್ತು ಈಚೆ ಅಂಟಿಸಬಹುದು, ಅಥವಾ ಕಿಟಕಿಗೆ ಕಪ್ಪು ಬಳಿದು ಕೈ ತೊಳೆದುಕೊಳ್ಳಬಹುದು. ಬಾಗಿಲನ್ನು ಮಾತ್ರ ಗೆರೆ ಕೊರೆದು ಹೊಸದಾಗಿಯೇ ಮಾಡಬೇಕು. ಬ್ರಿಟಿಷ್ ಮಾದರಿಗಳಿಗೆ ಈ ಗೋಳಿಲ್ಲ, ಅವರದೂ ನಮ್ಮಂತೆ ಎಡಬದಿಯ ಓಡಾಟ. ಆದರೆ ‘ಒಒ’ ಗಾಡಿ ‘ಎಚ್‌ಒ’ಗಿಂತ ಏಳರಲ್ಲಿ ಒಂದು ಪಾಲು ದೊಡ್ಡದು. ಅದನ್ನು ಮೇಜಿನ ಮುಂದಂಚಿಗೆ, ನೋಡುವವರ ಮೂಗಿನ ಕೆಳಗೆ ನಿಲ್ಲಿಸಿದರೆ ಹತ್ತಿರದ್ದು ದೊಡ್ಡದಾಗಿ ಕಂಡಂತೆ ಆಗುತ್ತದೆ. ಸಿನಿಮಾದವರು ಬಲ್ಲ ಉಪಾಯವೇ ಇದು.

ಎರಡನೆಯ ದಾರಿ, ಕೈಯಾರೆ ಮಾಡುವುದು. ಇದಕ್ಕೆ ಮಾರುತಿ ವ್ಯಾನಿಗಿಂತ ಒಳ್ಳೆಯ ಗುರುವಿಲ್ಲ. 1984ರಲ್ಲಿ ಬಂದು, ಓಮ್ನಿ ಎಂದು ಹೆಸರಾಗಿ, 2019ರಲ್ಲಿ ತಯಾರಿಕೆ ನಿಂತ ಈ ಗಾಡಿ ಕೈಗೆ ಚಕ್ರ ಬಂದ ಪೆಟ್ಟಿಗೆ ಇದ್ದಂತೆ. ಉದ್ದ 3370 ಮಿ.ಮೀ., ಅಗಲ 1410, ಎತ್ತರ 1640. 87ರಿಂದ ಭಾಗಿಸಿದರೆ ಉದ್ದ 39 ಮಿ.ಮೀ.ಗೆ ತುಸು ಕಡಿಮೆ, ಅಗಲ 16, ಎತ್ತರ 19. ಒಂದು ಬೆಂಕಿಪೊಟ್ಟಣದಷ್ಟೂ ಉದ್ದವಿಲ್ಲ!

ಗಾಡಿಯನ್ನು ಒಂದು ಪಕ್ಕದಿಂದ, ಒಂದಿಷ್ಟು ದೂರ ನಿಂತು, ಕ್ಯಾಮೆರಾವನ್ನು ಬಾಗಿಲ ಹಿಡಿಯ ಎತ್ತರಕ್ಕೆ ಹಿಡಿದು ಫೋಟೊ ತೆಗೆಯಬೇಕು. ಹತ್ತಿರದಿಂದ ತೆಗೆದರೆ ಮೂತಿ ಉಬ್ಬುತ್ತದೆ. ಆ ಚಿತ್ರವನ್ನು 39 ಮಿ.ಮೀ. ಉದ್ದಕ್ಕೆ ಇಳಿಸಿ ಮುದ್ರಿಸಿಕೊಂಡರೆ ಅದೇ ನಕ್ಷೆ. ಹಳೆಯ ಮದುವೆ ಕರೆಯೋಲೆಯ ಗಟ್ಟಿ ಕಾಗದ ಮೈಗೆ ಸಾಕು. ಅದಕ್ಕಿಂತ ಚೆಂದ ಬೇಕೆಂದರೆ ತೆಳು ಪ್ಲಾಸ್ಟಿಕ್ ಹಾಳೆ. ಕಿಟಕಿ ಕೊರೆಯುವ ಕೆಲಸ ಮೈ ಮಡಿಸುವ ಮುಂಚೆಯೇ ಮುಗಿಯಬೇಕು. ಮಡಿಸಿದ ಮೇಲೆ ಬ್ಲೇಡು ಇಟ್ಟವರಿಗೆ ಮೈಯೂ ಉಳಿಯದು, ಬೆರಳೂ ಉಳಿಯದು. ಗಾಜಿಗೆ ಮಾತ್ರೆ ಹಾಳೆಯ ಪಾರದರ್ಶಕ ಪ್ಲಾಸ್ಟಿಕ್. ಚಕ್ರ ತೊಗರಿ ಕಾಳಿನಷ್ಟು, 6 ಮಿ.ಮೀ. ಜೀಪು ಅಥವಾ ಮೆಟಡೋರಿಗೆ ಬೇಕಾದ 8 ಮಿ.ಮೀ. ಚಕ್ರವನ್ನು ಬಾಲ್‌ಪೆನ್ನಿನ ಕೊಳವೆಯನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದು ಪಡೆಯಬಹುದು. ಲೇತಿನಲ್ಲಿ ತಿರುಗಿಸಿದ ಮರದ ಚಕ್ರವೇ ಬೇಕೆನ್ನುವವರಿಗೆ ಆಲೆ ಮರಕ್ಕೆ ಅರಗಿನ ಬಣ್ಣ ಹಚ್ಚುವ ಚನ್ನಪಟ್ಟಣದ ಕಸುಬು ಇದ್ದೇ ಇದೆ. ದುಂಡಗಿನದೆಲ್ಲ ಅಲ್ಲಿ ಸೊಗಸು.

ತೊಡಕು ಬರುವುದು ಬಾಗಿದ ಮೈಯಲ್ಲಿ. ಮೆಟಡೋರಿನ ಹಣೆ, ಟಾಟಾ ಲಾರಿಯ ಮೂಗು, ಅಂಬಾಸಿಡರಿನ ಬೆನ್ನು ಕಾಗದಕ್ಕೆ ಬಗ್ಗುವಂಥವಲ್ಲ. ಇದಕ್ಕೆ ಉತ್ತರ ಸಿಂಧನೂರಿನ ರೈಲು ಹೊರಡುವ ದಿಕ್ಕಿನಲ್ಲೇ ಇದೆ. ಗಿಣಿಗೇರಾದ ಆಚೆ, ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು ತಲೆಮಾರುಗಳಿಂದ ಹಗುರ ಮರದ ಗೊಂಬೆಗಳಿಗೆ ‘ಕಿಟ್ಟ’ ಮೆತ್ತಿ ರೂಪ ಕೊಡುತ್ತಾರೆ. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನೊಡನೆ ಕಲಸಿದ ಮುದ್ದೆ ಅದು. ಆಭರಣದ ಉಬ್ಬುಗೆರೆಗೆ ಕಲ್ಲಿನ ಪುಡಿ ಮತ್ತು ಅಂಟು ಬೆರೆಸುತ್ತಾರೆ. ದೇವರ ಕೆನ್ನೆಯ ದುಂಡು ತರಬಲ್ಲ ಈ ಮುದ್ದೆಗೆ ವ್ಯಾನಿನ ಹಣೆ ಯಾವ ಲೆಕ್ಕ? ಮರದ ತುಂಡನ್ನು ಒರಟಾಗಿ ಕೆತ್ತಿ, ಮೇಲೆ ತೆಳ್ಳಗೆ ಮೆತ್ತಿ, ಒಣಗಿದ ಮೇಲೆ ಉಜ್ಜಿದರೆ ಮೈ ನುಣುಪಾಗುತ್ತದೆ. ಪೇಟೆಯವರು ಎಂ-ಸೀಲ್ ಬಳಸಬಹುದು, ಆದರೆ ಅದು ಗಟ್ಟಿಯಾಗುವ ಮುನ್ನ ಕೆಲಸ ಮುಗಿಸಬೇಕಾದ ಅವಸರವಿದೆ.

ಈಗ ಮೂರನೆಯ ದಾರಿಯೂ ಬಂದಿದೆ. ಕಂಪ್ಯೂಟರಿನಲ್ಲಿ ಬರೆದ ಆಕಾರವನ್ನು ರಾಳದಲ್ಲಿ ಪದರಪದರವಾಗಿ ಎರೆದು ತೆಗೆಯುವ ತ್ರೀಡಿ ಪ್ರಿಂಟರ್. ಒಂದು ಪದರದ ದಪ್ಪ ಮಿಲಿಮೀಟರಿನ ಇಪ್ಪತ್ತನೆಯ ಪಾಲು. ಒಮ್ಮೆ ಬರೆದಿಟ್ಟರೆ ಹತ್ತು ಟಂಟಂ, ಹತ್ತು ಟಾಟಾ ಏಸ್ ಬೇಕಾದಾಗ ತೆಗೆಯಬಹುದು. ನಿಜಕ್ಕೂ ಅದ್ಭುತ. ಆದರೆ ಅದಕ್ಕೂ ಮೊದಲು ಬೇಕಾದದ್ದು ಅಳತೆ. ಆತಂಕವಿರುವುದು ಇಲ್ಲೇ.

ಇಂಗ್ಲೆಂಡಿನಲ್ಲಾಗಲಿ ಜರ್ಮನಿಯಲ್ಲಾಗಲಿ ಹಳೆಯ ವ್ಯಾನುಗಳನ್ನು ಒರೆಸಿ ಇಟ್ಟುಕೊಂಡ ಸಂಘಗಳುಂಟು, ನಕ್ಷೆಗಳುಂಟು. ನಮ್ಮಲ್ಲಿ ರೈಲಿಗೆ ಆ ಭಾಗ್ಯ ದೊರೆತಿದೆ. ಮೈಸೂರಿನ ರೈಲು ಸಂಗ್ರಹಾಲಯ 1979ರಿಂದ ಇದೆ, ಹುಬ್ಬಳ್ಳಿಯದು 2020ರಲ್ಲಿ ಬಂತು. ಪುಣೆಯಲ್ಲಿ ಬಿ.ಎಸ್. ಜೋಶಿ ಅವರ ಹವ್ಯಾಸದಿಂದ ಬೆಳೆದ ಪುಟಾಣಿ ರೈಲುಗಳ ಸಂಗ್ರಹಾಲಯ 1998ರಲ್ಲಿ ತೆರೆಯಿತು. ಲೇಔಟ್ ಕಟ್ಟುವ ಆಸೆಯುಳ್ಳವರು ಮೊದಲು ನೋಡಬೇಕಾದ ಜಾಗ ಅದು. ಮೆಟಡೋರ್ ಯಾರಿಗೆ ಬೇಕು? ರಾಜರು ಹತ್ತಿದ ಗಾಡಿಯಲ್ಲ, ಮೆರವಣಿಗೆಯ ಗಾಡಿಯೂ ಅಲ್ಲ. ಬಾಡಿಗೆ ದುಡಿದು, ಮುದಿಯಾಗಿ, ಗುಜರಿಗೆ ಹೋಯಿತು. 2023ರ ಏಪ್ರಿಲ್‌ನಿಂದ ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಗುವ ನಿಯಮ ಬಂದ ಮೇಲೆ ಕಚೇರಿ, ಆಸ್ಪತ್ರೆಗಳ ಆವರಣದಲ್ಲಿ ತುಕ್ಕು ಹಿಡಿದು ನಿಂತಿದ್ದ ಹಳೆಯ ಜೀಪು, ವ್ಯಾನುಗಳಿಗೂ ಉಳಿಗಾಲವಿಲ್ಲ. ಹೊಗೆಯುಗುಳುವ ಮುದಿ ಗಾಡಿಗಳು ರಸ್ತೆ ಬಿಡುವುದು ಸರಿಯೇ. ಆದರೆ ಗ್ಯಾಸ್ ಕಟರ್ ಬೀಳುವ ಮುಂಚೆ ಒಂದು ಟೇಪು, ಒಂದು ನೋಟುಬುಕ್ಕು ಅಲ್ಲಿಗೆ ಹೋಗಬೇಡವೇ? ಒಂದು ವ್ಯಾನನ್ನು ಅಳೆಯಲು ಇಬ್ಬರಿಗೆ ಅರ್ಧ ದಿನ ಸಾಕು. ಉದ್ದಗಲ, ಎತ್ತರ, ಎರಡು ಗಾಲಿಗಳ ನಡುವಿನ ದೂರ, ಮುಂದಿನ ಗಾಜಿನ ಓರೆ, ಪ್ರತಿ ಕಿಟಕಿಯ ನಾಲ್ಕು ಮೂಲೆ. ಮುಂದೆ, ಹಿಂದೆ, ಎರಡೂ ಪಕ್ಕ, ಸಾಧ್ಯವಾದರೆ ಮೇಲಿನಿಂದ ಒಂದೊಂದು ಫೋಟೊ. ಗುಜರಿಯವರ ಅನುಮತಿ ಕೇಳಿ ಹೋದರೆ ಒಳ್ಳೆಯದು, ಟೇಪು ಹಿಡಿದವರನ್ನು ಕಂಡರೆ ಅವರಿಗೆ ಅನುಮಾನ ಹೆಚ್ಚು.

ಇನ್ನು ಉಳಿಯುವುದು ಗಾಡಿಗೆ ಊರಿನ ಗುರುತು ಕೊಡುವ ಕೆಲಸ. ಬಾಡಿಗೆ ಗಾಡಿಯಾದರೆ ಹಳದಿ ಫಲಕ, ಕಪ್ಪು ಅಕ್ಷರ. ರಾಯಚೂರಿನದಾದರೆ ಕೆಎ 36. ಫಲಕದ ಎತ್ತರ ಈ ಅಳತೆಯಲ್ಲಿ ಒಂದೂವರೆ ಮಿ.ಮೀ.ಗಿಂತ ಕಡಿಮೆ, ಆದ್ದರಿಂದ ಬರೆಯುವ ಬದಲು ಮುದ್ರಿಸಿ ಅಂಟಿಸುವುದೇ ಲೇಸು. ಮೇಲೆ ಕ್ಯಾರಿಯರ್ ಇರಲಿ, ಅದರ ತುಂಬ ಗಂಟುಮೂಟೆ ಇರಲಿ, ತಾಮ್ರದ ತಂತಿಯ ಏಣಿಯೊಂದು ಹಿಂದೆ ಇರಲಿ. ಹೊಸ ಬಣ್ಣ ಫಳಫಳ ಹೊಳೆಯುತ್ತಿದ್ದರೆ ಸೀಮೆಸುಣ್ಣದ ಪುಡಿ ಸವರಿ ಮಂಕು ಮಾಡಬೇಕು. ಚಕ್ರದ ಸುತ್ತ, ಬಾಗಿಲಿನ ಕೆಳಗೆ ಕೆಸರು ಬೇಕೇ ಬೇಕು. ಅದಕ್ಕೆ ಬಣ್ಣದ ಅಂಗಡಿಗೆ ಹೋಗಬೇಕಾಗಿಲ್ಲ. ಕ್ಯಾಂಪಿನ ಗದ್ದೆಯ ಎರೆ ಮಣ್ಣನ್ನು ಒಣಗಿಸಿ, ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಿ, ನೀರು ಬೆರೆಸಿದ ಫೆವಿಕಾಲ್ ಸವರಿದ ಕಡೆ ಉದುರಿಸಿದರೆ ಆಯಿತು. ರಾತ್ರಿಯಿಡೀ ಒಣಗಲು ಬಿಟ್ಟು ಬೆಳಿಗ್ಗೆ ಮೆಲ್ಲಗೆ ಊದಿದರೆ ಹೆಚ್ಚಾದ ಮಣ್ಣು ಹಾರಿಹೋಗುತ್ತದೆ.