ತಿದ್ದಲಾಗದ ಅಕ್ಷರ

2011ರ ಡಿಸೆಂಬರ್ ತಿಂಗಳು. ಜಪಾನಿನ ಕ್ಯೋಟೋ ನಗರದ ಕಿಯೋಮಿಜು ದೇವಾಲಯದಲ್ಲಿ ಭಾರಿ ಬಿಳಿಯ ಕಾಗದವೊಂದನ್ನು ನಿಲ್ಲಿಸಲಾಗಿತ್ತು. ಪ್ರಧಾನ ಗುರುಗಳು ದಪ್ಪನೆಯ ಕುಂಚವನ್ನು ಮಸಿಯಲ್ಲಿ ಅದ್ದಿ ಒಂದೇ ಒಂದು ಅಕ್ಷರವನ್ನು ಬರೆದರು: ‘ಕಿಜುನಾ’. ಬಾಂಧವ್ಯವೆಂದು ಅದರ ಅರ್ಥ. ಅದೇ ವರ್ಷ ಮಾರ್ಚ್ 11ರಂದು ಭೂಕಂಪವೂ ಸುನಾಮಿಯೂ ಈಶಾನ್ಯ ಕರಾವಳಿಯ ಊರೂರುಗಳನ್ನೇ ಗುಡಿಸಿಹಾಕಿದ್ದವು. ಮನೆಮಂದಿಯನ್ನು ಕಳೆದುಕೊಂಡ ನಾಡು ಆ ವರ್ಷದ ಗುರುತಾಗಿ ಆರಿಸಿಕೊಂಡ ಅಕ್ಷರ ಇದು.

ಈ ಪದಕ್ಕೆ ಮೊದಲಿದ್ದ ಅರ್ಥ ಪ್ರಾಣಿಗಳನ್ನು ಕಟ್ಟುವ ಹಗ್ಗ. ಅಕ್ಷರದ ಎಡಬದಿಯಲ್ಲಿ ಇಂದಿಗೂ ನೂಲಿನ ಚಿಹ್ನೆಯಿದೆ. ಕನ್ನಡದಲ್ಲಿ ‘ಪಾಶ’ವೆಂಬ ಮಾತು ಹಗ್ಗವನ್ನೂ ಮಮತೆಯನ್ನೂ ಸೂಚಿಸುವಂತೆಯೇ ಇದೂ. ಬಿಗಿಯುವ ಹಗ್ಗವೇ ಬೀಳುವವರನ್ನು ಹಿಡಿದು ನಿಲ್ಲಿಸಲೂ ಬಲ್ಲದು.

ಚೀನಾದಿಂದ ಜಪಾನಿಗೆ ಬಂದ ಈ ಅಕ್ಷರಗಳು ಧ್ವನಿಯೊಡನೆ ಅರ್ಥವನ್ನೂ ಹೊತ್ತಿವೆ. ತಾಳ್ಮೆಯನ್ನು ಸೂಚಿಸುವ ‘ನಿನ್’ ಅಕ್ಷರದಲ್ಲಿ ಮೇಲೆ ಖಡ್ಗದ ಅಲಗು, ಕೆಳಗೆ ಹೃದಯ. ಎದೆಯ ಮೇಲೆ ಅಲಗಿದ್ದರೂ ಅಲುಗದಿರುವುದೇ ತಾಳ್ಮೆಯೆಂದು ಇದನ್ನು ವಿವರಿಸುವುದುಂಟು. ‘ಮು’ ಎಂದರೆ ಇಲ್ಲ. ಆದರೆ ಝೆನ್ ಸಾಧಕರಿಗೆ ಅದು ಉಂಟು, ಇಲ್ಲಗಳೆರಡನ್ನೂ ದಾಟಿದ ನಿಲವು. ಝೆನ್ ಎಂಬ ಹೆಸರಾದರೂ ಸಂಸ್ಕೃತದ ‘ಧ್ಯಾನ’ ಶಬ್ದದ ರೂಪಾಂತರವೇ.

ಈ ಕಲೆಯ ಹೆಸರು ‘ಶೋದೋ’. ‘ಶೋ’ ಎಂದರೆ ಬರವಣಿಗೆ, ‘ದೋ’ ಎಂದರೆ ಮಾರ್ಗ. ಸಾಣೆಕಲ್ಲಿನ ಮೇಲೆ ಗಂಧ ತೇಯುವಂತೆ ಮಸಿಯ ಕಡ್ಡಿಯನ್ನು ಕಲ್ಲಿನ ಮೇಲೆ ನೀರಿನೊಡನೆ ತೇಯಬೇಕು. ಆ ಹೊತ್ತಿಗೇ ಮನಸ್ಸು ತಿಳಿಯಾಗಬೇಕು. ಕಾಗದವು ಮಸಿಯನ್ನು ಒಡನೆಯೇ ಹೀರಿಕೊಳ್ಳುತ್ತದೆ. ಎಳೆದ ಗೆರೆಯ ಮೇಲೆ ಮತ್ತೆ ಕುಂಚವಾಡಿಸಿದರೆ ತಪ್ಪು ಇನ್ನಷ್ಟು ಎದ್ದು ಕಾಣುತ್ತದೆ. ಕೈ ಅಳುಕಿದ್ದರೆ ಆ ಅಳುಕೂ ಹಾಳೆಯ ಮೇಲೆ ನಿಲ್ಲುತ್ತದೆ.

804ರಲ್ಲಿ ಚೀನಾಕ್ಕೆ ತೆರಳಿ, ಭಾರತದ ಸಿದ್ಧಂ ಲಿಪಿಯನ್ನೂ ಕಲಿತು ಬಂದ ಬೌದ್ಧ ಭಿಕ್ಷು ಕೂಕಾಯ್ ಈ ಕಲೆಯ ಮಹಾಗುರು. ಅರಮನೆಯ ಹೆಬ್ಬಾಗಿಲಿಗೆ ಫಲಕ ಬರೆದುಕೊಟ್ಟ ಆತ, ಅದನ್ನು ಮೇಲೇರಿಸಿದ ಬಳಿಕ ಒಂದು ಚುಕ್ಕೆ ಬಿಟ್ಟುಹೋದುದನ್ನು ಕಂಡನಂತೆ. ಕೆಳಗಿನಿಂದಲೇ ಕುಂಚವನ್ನೆಸೆದು ಚುಕ್ಕೆಯನ್ನಿಟ್ಟನಂತೆ. ಮಹಾಗುರುವಿನ ಕುಂಚವೂ ತಪ್ಪೀತೆಂಬ ಗಾದೆ ಜಪಾನೀಯರಲ್ಲಿ ಇಂದಿಗೂ ಬಳಕೆಯಲ್ಲಿದೆ.

ದಂತಕಥೆಯ ಗುರುವಿಗೆ ಒದಗಿದ ಆ ಅವಕಾಶ ಉಳಿದವರಿಗಿಲ್ಲ. ಸಂಪ್ರದಾಯದಂತೆ ಜನವರಿ 2ರಂದು ಜಪಾನಿನ ಮಕ್ಕಳು ಹೊಸ ವರ್ಷದ ಮೊದಲ ಅಕ್ಷರಗಳನ್ನು ಬರೆಯುತ್ತಾರೆ. ಸರಿಬಾರದಿದ್ದರೆ ಆ ಹಾಳೆಯನ್ನು ಬದಿಗಿಟ್ಟು ಇನ್ನೊಂದನ್ನು ಹಾಸಿಕೊಳ್ಳಬೇಕು. ಬರೆದುದನ್ನು ಮಾತ್ರ ತಿದ್ದುವಂತಿಲ್ಲ.