ಕೋಲಾರದ ಅಂತರ್ಜಲ: ಆಳಕ್ಕಿಳಿದಷ್ಟೂ ಕೆಡುವ ನೀರು

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. 700 ಮಿಲಿಮೀಟರ್ ಆಸುಪಾಸಿನ ಮಳೆಯನ್ನು ಕೆರೆಗಳಲ್ಲಿ ಹಿಡಿದಿಟ್ಟು, ಕೆರೆಯ ಕೆಳಗಿನ ತೆರೆದ ಬಾವಿಗಳಿಂದ ಕುಡಿಯುವ ನೀರು ಸೇದಿಕೊಳ್ಳುವುದು ಇಲ್ಲಿನ ಹಳೆಯ ಪದ್ಧತಿಯಾಗಿತ್ತು. ಕೊಳವೆಬಾವಿಗಳು ಹೆಚ್ಚಿದಂತೆ ಆ ಬಾವಿಗಳು ಬತ್ತಿದವು. ಈಗ ಇಡೀ ಜಿಲ್ಲೆ ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿದೆ. ಸಾವಿರ ಅಡಿ ದಾಟಿ ಕೊರೆಸುವುದು ಯಾರಿಗೂ ಅಚ್ಚರಿ ತರುವುದಿಲ್ಲ. ಇಷ್ಟು ಆಳದಿಂದ ಬಂದ ನೀರು ಎಂಥದ್ದು ಎಂಬ ಪ್ರಶ್ನೆಗೆ ಮಾತ್ರ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಇಲ್ಲಿ ನೆಲದಡಿ ಇರುವುದು ಹೆಚ್ಚಾಗಿ ಗ್ರಾನೈಟ್ ಮತ್ತು ನೈಸ್ ಶಿಲೆ. ಇಂಥ ಗಟ್ಟಿ ಬಂಡೆಯಲ್ಲಿ ನೀರು ನಿಲ್ಲುವುದು ಮೇಲ್ಪದರದ ಶಿಥಿಲ ಕಲ್ಲಿನಲ್ಲಿ, ಅದರ ಕೆಳಗಿನ ಬಿರುಕುಗಳಲ್ಲಿ. ಮೇಲ್ಪದರಕ್ಕೆ ಪ್ರತಿ ಮಳೆಗಾಲದಲ್ಲೂ ಹೊಸ ನೀರು ಇಳಿಯುತ್ತದೆ. ಆಳದ ಬಿರುಕುಗಳ ನೀರು ಹಾಗಲ್ಲ, ಬಹುಕಾಲ ಬಂಡೆಗೆ ತಾಗಿಕೊಂಡೇ ಇರುತ್ತದೆ. ಬಂಡೆಯ ಬಯೊಟೈಟ್, ಅಪಟೈಟ್, ಫ್ಲೋರೈಟ್ ಖನಿಜಗಳಲ್ಲಿರುವ ಫ್ಲೋರೈಡ್ ಮೆಲ್ಲಮೆಲ್ಲನೆ ಆ ನೀರಿಗೆ ಬಿಟ್ಟುಕೊಳ್ಳುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡ್ ಜೊತೆ ಸೇರಿ ಮತ್ತೆ ಗಟ್ಟಿಯಾಗಿ ತಳಕ್ಕೆ ಕೂರುತ್ತದೆ. ಕ್ಯಾಲ್ಸಿಯಂ ಕಡಿಮೆಯಿರುವ ಕ್ಷಾರೀಯ ನೀರಿನಲ್ಲಿ ಆ ತಡೆ ಇಲ್ಲ. ಗ್ರಾನೈಟಿನಿಂದ ಬರುವ ಯುರೇನಿಯಂ ಕೂಡ ಜಿಲ್ಲೆಯ ಕೆಲವು ಕೊಳವೆಬಾವಿಗಳಲ್ಲಿ ಮಿತಿ ಮೀರಿ ಕಂಡಿದೆ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಇದಕ್ಕಿಂತ ಹೆಚ್ಚಿನ ಫ್ಲೋರೈಡ್ ಕುಡಿದ ಮಕ್ಕಳ ಹಲ್ಲಿನ ಮೇಲೆ ಮೊದಲು ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಕಂದು ಪಟ್ಟೆ ಮೂಡುತ್ತವೆ. ಆ ಕಲೆ ಉಜ್ಜಿದರೆ ಹೋಗುವುದಿಲ್ಲ. ಇನ್ನೂ ಹೆಚ್ಚಿನ ಪ್ರಮಾಣದ ನೀರನ್ನು ವರ್ಷಗಟ್ಟಲೆ ಕುಡಿದರೆ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎಂಬ ನಂಬಿಕೆ ತಪ್ಪು. ನೀರು ಆವಿಯಾಗಿ, ಉಳಿದದ್ದರಲ್ಲಿ ಅದು ಇನ್ನಷ್ಟು ದಟ್ಟವಾಗುತ್ತದೆ.

ಫ್ಲೋರೈಡ್ ಬಂಡೆಯದಾದರೆ ನೈಟ್ರೇಟ್ ಮನುಷ್ಯರದು. ಹಾಲು, ರೇಷ್ಮೆ, ಟೊಮೆಟೊ ನಂಬಿದ ಜಿಲ್ಲೆಯಲ್ಲಿ ಕೊಟ್ಟಿಗೆ, ತಿಪ್ಪೆ, ರಸಗೊಬ್ಬರ ಎಲ್ಲ ಊರಿಗೂ ಬೇಕು. ಶೌಚಾಲಯದ ಗುಂಡಿಗಳೂ ಈಗ ಮನೆಮನೆಗೆ ಬಂದಿವೆ. ಇವುಗಳಿಂದ ಇಳಿಯುವ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಿದರೆ ಹಾಲುಗೂಸುಗಳಿಗೆ ಅಪಾಯ, ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಈ ಕೊಳೆಗೆ ಅತಿ ಹತ್ತಿರದ ದಾರಿ ಬತ್ತಿಹೋದ ಕೊಳವೆಬಾವಿ. ಪಂಪು ಎತ್ತಿದ ಮೇಲೆ ಬಾಯಿಗೊಂದು ಚಪ್ಪಡಿ ಒರಗಿಸಿ ಬಿಡುವುದುಂಟು. ಮಳೆ ಬಂದಾಗ ತಿಪ್ಪೆಯ ಕಪ್ಪು ನೀರು ಆ ಚಪ್ಪಡಿಯ ಸಂದಿನಲ್ಲಿ ನುಗ್ಗಿ, ಸೋಸಬೇಕಾದ ಮಣ್ಣಿನ ಪದರವನ್ನು ತಪ್ಪಿಸಿಕೊಂಡು ನೇರವಾಗಿ ಬಿರುಕಿಗೆ ಸೇರುತ್ತದೆ. ಸತ್ತ ಕೊಳವೆಬಾವಿಯನ್ನು ತಳದಿಂದಲೇ ಮಣ್ಣು ತುಂಬಿ ಮುಚ್ಚಬೇಕು. ಬಳಕೆಯಲ್ಲಿರುವುದಕ್ಕೆ ಕೇಸಿಂಗ್ ಪೈಪನ್ನು ನೆಲದಿಂದ ಮೇಲಕ್ಕೆ ಬಿಟ್ಟು, ಸುತ್ತ ಸಿಮೆಂಟು ತುಂಬಿ, ನೀರು ಹೊರಗೆ ಜಾರುವಂತೆ ಕಟ್ಟೆ ಕಟ್ಟಬೇಕು. ಕೊರೆಸುವ ಖರ್ಚಿನ ಮುಂದೆ ಇದು ಏನೂ ಅಲ್ಲ. ಆದರೂ ಮೊದಲು ಉಳಿಸಲು ಹೋಗುವುದು ಇದೇ ಹಣವನ್ನು, ಇದು ದುಃಖದ ಸಂಗತಿ.

ಪರೀಕ್ಷೆ ಕಷ್ಟದ್ದಲ್ಲ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ ಬಳಸುವ ತರಬೇತಿ ಕೊಡಬೇಕೆಂದು ಹೇಳುತ್ತದೆ. ಕಿಟ್‌ನ ಪುಟ್ಟ ಗಾಜಿನ ನಳಿಕೆಗೆ ನೀರು ಹಾಕಿ ದ್ರಾವಣದ ಹನಿಗಳನ್ನು ಬಿಟ್ಟರೆ, ಫ್ಲೋರೈಡ್ ಹೆಚ್ಚಿದಷ್ಟೂ ಗುಲಾಬಿ ಬಣ್ಣ ಹಳದಿಯ ಕಡೆಗೆ ತಿರುಗುತ್ತದೆ. ಜೊತೆಯ ಬಣ್ಣದ ಪಟ್ಟಿಗೆ ಹಿಡಿದು ಓದಿಕೊಳ್ಳಬಹುದು. ಅನುಮಾನ ಬಂದ ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು. ಒಂದೇ ಊರಿನ ಎರಡು ಕೊಳವೆಬಾವಿಗಳ ನೀರು ಬೇರೆಬೇರೆ ಇರಬಹುದಾದ್ದರಿಂದ ಪ್ರತಿಯೊಂದನ್ನೂ ನೋಡಬೇಕಾಗುತ್ತದೆ. ಫ್ಲೋರೈಡ್ ಕಡಿಮೆ ಇರುವುದನ್ನು ಕುಡಿಯಲು ಮೀಸಲಿಟ್ಟು, ಉಳಿದದ್ದನ್ನು ಬೇರೆ ಬಳಕೆಗೆ ಬಿಡುವುದು ಅತಿ ಅಗ್ಗದ ನಿರ್ವಹಣೆ.

ಸದ್ಯಕ್ಕೆ ಹಳ್ಳಿಗಳು ನೆಚ್ಚಿಕೊಂಡಿರುವುದು ಶುದ್ಧ ಕುಡಿಯುವ ನೀರಿನ ಘಟಕಗಳನ್ನು. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಅಲ್ಲಿನ ಆರ್‌ಓ (ರಿವರ್ಸ್ ಆಸ್ಮೋಸಿಸ್) ಯಂತ್ರ ಫ್ಲೋರೈಡ್, ನೈಟ್ರೇಟ್, ಯುರೇನಿಯಂ ಮೂರನ್ನೂ ತಗ್ಗಿಸುತ್ತದೆ, ಆ ಮಟ್ಟಿಗೆ ಅದು ಉಪಕಾರಿ. ಆದರೆ ಒಳಗೆ ಹೋದ ನೀರಿನ ದೊಡ್ಡ ಪಾಲು ತ್ಯಾಜ್ಯವಾಗಿ, ಉಳಿದ ಲವಣವನ್ನೆಲ್ಲ ಹೊತ್ತು ಚರಂಡಿಗೆ ಬೀಳುತ್ತದೆ. ಅದನ್ನು ಘಟಕದ ಪಕ್ಕದ ಇಂಗುಗುಂಡಿಗೆ ಬಿಟ್ಟರೆ ತೆಗೆದ ವಿಷವನ್ನು ಅದೇ ನೆಲಕ್ಕೆ ಮರಳಿಸಿದಂತೆ. ಈ ಘಟಕ ಮನುಷ್ಯರನ್ನು ಕಾಯುತ್ತದೆ, ಅಂತರ್ಜಲವನ್ನು ಕಾಯುವುದಿಲ್ಲ.

ಅಂತರ್ಜಲ ಕಾಯಲು ಮೇಲ್ಪದರ ಮತ್ತೆ ತುಂಬಬೇಕು. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಅದು ಇಳಿದರೆ ದಟ್ಟತೆ ತಗ್ಗುತ್ತದೆ, ಆಳಕ್ಕೆ ಕೊರೆಯುವ ಅಗತ್ಯವೂ ಕಡಿಮೆಯಾಗುತ್ತದೆ. ಹೂಳೆತ್ತಿದ ಕೆರೆ, ಒತ್ತುವರಿ ಬಿಡಿಸಿದ ರಾಜಕಾಲುವೆ, ಕೃಷಿಹೊಂಡ, ಚಾವಣಿ ನೀರಿನ ಇಂಗುಗುಂಡಿ ಇವೆಲ್ಲ ಈ ಕೆಲಸ ಮಾಡುತ್ತವೆ. ಕೊಳವೆಬಾವಿ ಪಕ್ಕ ಇಂಗುಗುಂಡಿ ತೋಡುವವರು ಒಂದು ಎಚ್ಚರ ವಹಿಸಬೇಕು: ಔಷಧಿ ಹೊಡೆದ ಹೊಲದ ನೀರು, ರಸ್ತೆಯ ನೀರು ಅದಕ್ಕೆ ಬರಬಾರದು, ಜಲ್ಲಿ, ಮರಳಿನ ಪದರ ತಪ್ಪಬಾರದು.

ಕೋಲಾರದ ಅತಿ ದೊಡ್ಡ ಮರುಪೂರಣ ಪ್ರಯೋಗ ಕೆ.ಸಿ. ವ್ಯಾಲಿ ಯೋಜನೆ. ಬೆಂಗಳೂರಿನ ಕೊಳಚೆನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್‌ವರೆಗೆ ಜಿಲ್ಲೆಯ ಕೆರೆಗಳಿಗೆ ಹರಿಸುವುದು ಅದರ ಗುರಿ. 2018ರಲ್ಲಿ ನೀರು ಬಂತು. ಆರಂಭದಲ್ಲೇ ನೊರೆ ಕಾಣಿಸಿ ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಆಮೇಲೆ ಹರಿವು ಮುಂದುವರಿದು, ಕೆರೆ ತುಂಬಿದ ಕಡೆ ಬತ್ತಿದ್ದ ಬಾವಿಗಳಲ್ಲಿ ನೀರು ಕಂಡದ್ದು ರೈತರಿಗೆ ದೊಡ್ಡ ಆಸರೆ. ಆದರೆ ಎರಡು ಹಂತದ ಶುದ್ಧೀಕರಣ ಮುಖ್ಯವಾಗಿ ಸಾವಯವ ಕೊಳೆಯನ್ನು ತೆಗೆಯುತ್ತದೆ. ಸಾರಜನಕ, ರಂಜಕ, ಔಷಧಿಗಳ ಅಂಶವನ್ನು ಪೂರ್ತಿ ತೆಗೆಯಲಾರದು. ಮೂರನೇ ಹಂತ ಬೇಕೆಂಬ ಜಿಲ್ಲೆಯ ಒತ್ತಾಯ ನ್ಯಾಯವಾದದ್ದು. ಅದು ಬರುವವರೆಗೆ ಕೆರೆಯ ನೀರನ್ನೂ ಕೆರೆಯ ಕೆಳಗಿನ ಬಾವಿಗಳ ನೀರನ್ನೂ ನಿಗದಿತ ಕಾಲಕ್ಕೆ ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಆ ಬಾವಿಗಳನ್ನು ಕುಡಿಯುವ ನೀರಿಗೆ ಬಳಸಬಹುದೇ ಎಂಬುದು ಆ ಅಂಕಿಗಳ ಮೇಲೆಯೇ ತೀರ್ಮಾನವಾಗಬೇಕು.